ಪಾಯಕ್ಕಿಂತ ಮೊದಲು ಬಂದ ಕಿಟಕಿ

೧೯೭೧ನೇ ಇಸವಿ, ಫೆಬ್ರುವರಿ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ನಾಸಿಕದ ರವಿವಾರ ಕಾರಂಜಾದ ಹತ್ತಿರ, ಮೊದಲ ಮಹಡಿಯಲ್ಲಿದ್ದ ನಮ್ಮ ಕಚೇರಿ. ಹಾಜರಿದ್ದವರು: ಕಚೇರಿಯ ಮಾಲೀಕರೂ ಕಟ್ಟಡದ ಕಂತ್ರಾಟುದಾರರೂ ಆದ ಹನುಮಂತರಾವ್ ದೇಸಾಯಿ, ಪಂಚವಟಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ, ಉಡುಪಿ ಕಡೆಯ ರಾಮಕೃಷ್ಣ ಐತಾಳರು, ಅವರ ಹೆಂಡತಿ ಪದ್ಮಾವತಿಯಮ್ಮ, ಔರಂಗಾಬಾದಿನಿಂದ ಬಸ್ಸಿನಲ್ಲಿ ಬಂದಿದ್ದ ಆರ್ಕಿಟೆಕ್ಟ್ ಕಾಜಿ ಸಾಹೇಬರು, ಮತ್ತು ಹೆಡ್ ಡ್ರಾಫ್ಟ್ಸ್‌ಮನ್ ಆಗಿದ್ದ ನಾನು.

ವಿಷಯ ಒಂದೇ. ಪದ್ಮಾವತಿಯಮ್ಮನವರಿಗೆ ಸ್ವಂತ ಮನೆ ಆಗುತ್ತದೋ ಇಲ್ಲವೋ. ಮದುವೆಯಾಗಿ ಬಂದಾಗಿನಿಂದ ಅವರು ಹೋಟೆಲಿನ ಅಡುಗೆಮನೆಯ ಮೇಲಿದ್ದ ಎರಡು ಕೋಣೆಗಳಲ್ಲಿ ಸಂಸಾರ ಮಾಡಿದ್ದರು. ಕೆಳಗಿನ ಭಟ್ಟಿಯ ಹೊಗೆ ಹಲಗೆಯ ಸಂದುಗಳಿಂದ ಮೇಲೆ ಬರುತ್ತಿತ್ತು. ಗಂಗಾಪುರ ರಸ್ತೆಯಲ್ಲಿ ಜಾಗ ಕೊಂಡು ವರ್ಷಗಳಾಗಿದ್ದವು. ನಕ್ಷೆಗಳು ಮೂರು ಇದ್ದವು. ಮನೆ ಮಾತ್ರ ಇರಲಿಲ್ಲ.

ನಕ್ಷೆಯ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದರಿಂದ ನಿಮಗೆ ಪ್ರಯೋಜನವಿಲ್ಲ. ಐತಾಳರ ಮನೆ ಯಾಕೆ ಆಗಲಿಲ್ಲ, ಆಮೇಲೆ ಹೇಗೆ ಆಯಿತು ಎಂಬುದರಿಂದ ಇದೆ.

ನಾನು ಗದಗಿನವನು. ಕೆಲಸ ಕಲಿತದ್ದು ದೇವಳಾಲಿಯ ಮಿಲಿಟರಿ ನಕ್ಷೆ ವಿಭಾಗದಲ್ಲಿ. ಅಲ್ಲಿ ಬೋರ್ಡ್ ಮುಟ್ಟುವ ಮೊದಲು ಕೈ ತೊಳೆಯಬೇಕು, ಪೆನ್ಸಿಲ್ ಹಿಂದಿನ ಸಂಜೆಯೇ ಚೂಪಾಗಿರಬೇಕು, ಮೇಜಿನ ಮೇಲೆ ಚಹಾ ಕಪ್ಪು ಇಡಬಾರದು. ದೇಸಾಯರ ಕಚೇರಿಗೆ ಬಂದ ಮೇಲೂ ನಾನು ಇವನ್ನು ಬಿಡಲಿಲ್ಲ. ಬಾಗಲಕೋಟೆಯ ದೇಸಾಯರು ಮಾತ್ರ ಚಹಾ ಕಪ್ಪನ್ನು ಎಲ್ಲೆಂದರಲ್ಲಿ ಇಡುತ್ತಿದ್ದರು. ನಮ್ಮ ಕಚೇರಿಯ ಅನೇಕ ನಕ್ಷೆಗಳಲ್ಲಿ ಯಾರೂ ಕೇಳದಿದ್ದ ಒಂದು ದುಂಡು ಬಾವಿ ಕಾಣಿಸಿಕೊಳ್ಳುತ್ತಿದ್ದುದು ಹೀಗೆ.

ಐತಾಳರು ಮೊದಲ ಸಲ ಬಂದಾಗ ನೇರವಾಗಿ ಕೇಳಿದರು: “ಆರ್ಕಿಟೆಕ್ಟರನ್ನು ಕೈ ನೋಡಿ ತೆಗೊಳ್ಳಬಹುದಾ?”

ದೇಸಾಯರಿಗೆ ಅರ್ಥವಾಗಲಿಲ್ಲ. “ಅಂದ್ರ? ಕೈ ನೋಡೂದಂದ್ರ ಜ್ಯೋತಿಷ್ಯಾ ಏನ್ರೀ?”

“ಅಲ್ಲ ಮಾರಾಯ್ರೆ. ಹೋಟೆಲಿಗೆ ಹೊಸ ಅಡುಗೆ ಭಟ್ರು ಬಂದರೆ ನಾವು ಒಂದು ದಿನದ ಸಂಬಳ ಕೊಟ್ಟು ಒಂದು ಸಾಂಬಾರು ಮಾಡಿಸ್ತೇವೆ. ಮೂರು ಜನರ ಕೈ ನೋಡೂದು, ಒಬ್ಬರನ್ನು ಇಟ್ಟುಕೊಳ್ಳೂದು. ಉಳಿದ ಇಬ್ಬರ ಸಾಂಬಾರು ಹೇಗೆ ಮಾಡಿದ್ದು ಅಂತ ನಮ್ಮವರು ನೋಡಿರ್ತಾರಲ್ಲ, ಅದು ನಮಗೇ ಉಳೀತದೆ.”

ದೇಸಾಯರಿಗೆ ಇದು ಬಹಳ ಹಿಡಿಸಿತು. ಮುಂಬಯಿಯ ಒಬ್ಬರಿಗೆ, ಪುಣೆಯ ಒಬ್ಬರಿಗೆ, ಔರಂಗಾಬಾದಿನ ಕಾಜಿ ಸಾಹೇಬರಿಗೆ ಹೇಳಿಕಳಿಸಿದರು. ಮೊದಲ ನಕ್ಷೆ ಮಾತ್ರ ಸಾಕು, ಅದರ ದುಡ್ಡು ಪೂರ್ತಿ ಕೊಡಲಾಗುವುದು, ಆಮೇಲೆ ಅದರಲ್ಲಿನ ವಿಚಾರಗಳನ್ನು ಮಾಲೀಕರು ಬೇಕಾದಂತೆ ಬಳಸಬಹುದು ಎಂದು ಮೊದಲೇ ತಿಳಿಸಿದರು. ಮೂವರೂ ಒಪ್ಪಿದರು. ಐತಾಳರು ಕೂಡಲೇ ದುಡ್ಡು ಕೊಟ್ಟರು. ಈ ಕಥೆಯಲ್ಲಿ ಮೋಸ ಯಾರೂ ಮಾಡಿಲ್ಲ. ಮಾಡಿದ್ದರೆ ಇಷ್ಟು ತೊಂದರೆಯಾಗುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಕ್ಷೆಗಳು ಬಂದವು. ಮುಂಬಯಿಯವರದರಲ್ಲಿ ಕಬ್ಬಿಣದ ಸುರುಳಿ ಮೆಟ್ಟಿಲು. ಪುಣೆಯವರದರಲ್ಲಿ ನಡುಮನೆಯ ತೆರೆದ ಅಂಗಳ, ಅದರಲ್ಲಿ ತುಳಸಿಕಟ್ಟೆ. ಅಡುಗೆಮನೆಗೆ ಪೂರ್ವದ ಕಡೆ ಒಂದು ದೊಡ್ಡ ಕಿಟಕಿ, ಒಳಗೆ ಕೂತುಕೊಳ್ಳುವಷ್ಟು ಅಗಲದ ಮರದ ಹಲಗೆ. ಕಾಜಿ ಸಾಹೇಬರದರಲ್ಲಿ ಪಡುವಣ ದಿಕ್ಕಿಗೆ ಎರಡಡಿ ದಪ್ಪದ ಗೋಡೆ, ಛಾವಣಿಯ ಮೇಲೊಂದು ಗಾಳಿಗೂಡು. ಚಿಮಣಿಯಂತೆ ಕಾಣುವ ಆ ಗೂಡು ಮೇಲೆ ಬೀಸುವ ಗಾಳಿಯನ್ನು ಹಿಡಿದು ಮನೆಯೊಳಕ್ಕೆ ಇಳಿಸುತ್ತದೆ.

ಪದ್ಮಾವತಿಯಮ್ಮ ಮೂರನ್ನೂ ನೋಡಿ ಕಿಟಕಿಯ ಮೇಲೆ ಬೆರಳಿಟ್ಟರು. “ಇಲ್ಲಿ ಕೂತು ತರಕಾರಿ ಹೆಚ್ಚಬಹುದು. ದಾರಿ ಕಾಣ್ತದೆ. ನನಗೆ ಇಷ್ಟೇ ಸಾಕು.”

“ಮೂರೂ ಛಲೋ ಅದಾವ್ರಿ,” ಎಂದರು ದೇಸಾಯರು. “ಒಂದು ಆರಿಸ್ರಿ. ಮುಂದಿನ ವಾರ ಪಾಯಾ ತೆಗೀತೀನಿ.”

ಐತಾಳರ ಮುಖ ಬಾಡಿತು. “ಮೂರಕ್ಕೂ ದುಡ್ಡು ಕೊಟ್ಟದ್ದಲ್ವಾ? ಒಂದನ್ನು ಕಟ್ಟಿದರೆ ಉಳಿದೆರಡು ದಂಡ ಅಲ್ವಾ? ನಮ್ಮಲ್ಲಿ ಬೆಳಿಗ್ಗೆ ಉಳಿದ ಇಡ್ಲಿಯನ್ನೂ ಬಿಸಾಡುವ ಕ್ರಮ ಇಲ್ಲ.”

“ಉಳಿದ ಇಡ್ಲಿ ಏನ್ ಮಾಡ್ತೀರಿ?”

“ಸಂಜೆಗೆ ಉಪ್ಪಿಟ್ಟು.”

ಹೀಗೆ ಮೂರು ಮನೆಗಳನ್ನು ಪುಡಿ ಮಾಡಿ ಒಗ್ಗರಣೆ ಹಾಕುವ ಕೆಲಸ ನಮ್ಮ ಕಚೇರಿಗೆ ಬಂತು.

ಆಗ ಇಂಥ ಕೆಲಸದ ರೀತಿ ಹೀಗಿತ್ತು. ಗಾಜಿನ ಮೇಜು, ಅದರ ಕೆಳಗೆ ಬಲ್ಬು. ಟ್ರೇಸಿಂಗ್ ಕಾಗದಗಳನ್ನು ಒಂದರ ಮೇಲೊಂದು ಇಟ್ಟು, ಬೇಕಾದ ಗೆರೆಗಳನ್ನು ಮೇಲಿನ ಹೊಸ ಕಾಗದಕ್ಕೆ ಶಾಯಿಯಲ್ಲಿ ಎತ್ತಿಕೊಳ್ಳುವುದು. ಆ ದಿನಗಳಲ್ಲಿ ಅಡಿ-ಇಂಚು ಹೋಗಿ ಮೀಟರು ಬರುತ್ತಿತ್ತು. ಪುಣೆಯವರೂ ಕಾಜಿ ಸಾಹೇಬರೂ ಹಳೆಯ ಪದ್ಧತಿಯಂತೆ ಒಂದು ಇಂಚಿಗೆ ಎಂಟು ಅಡಿಯ ಅಳತೆಯಲ್ಲಿ ಬರೆದಿದ್ದರು. ಮುಂಬಯಿಯವರು ಮೀಟರಿನಲ್ಲಿ, ನೂರಕ್ಕೆ ಒಂದರಂತೆ. ಎರಡಕ್ಕೂ ವ್ಯತ್ಯಾಸ ಬಹಳ ಕಡಿಮೆ. ಕಾಗದದ ಮೇಲೆ ಕಾಗದ ಇಟ್ಟರೆ ಕಣ್ಣಿಗೆ ಕೂಡಿಕೊಂಡಂತೆಯೇ ಕಾಣುತ್ತದೆ. ಅದೇ ಅಪಾಯ. ದೇಸಾಯರು ಸ್ವತಃ ನಿಂತು, “ಸರಿ ಕೂಡ್ತಾವ, ಎತ್ತಿಬಿಡ್ರಿ,” ಎಂದು ಅವಸರ ಮಾಡಿದರು. ಎತ್ತಿದ್ದಾಯಿತು.

ಐತಾಳರಿಗೆ ಖುಷಿಯೋ ಖುಷಿ. ಒಂದೇ ಮನೆಯಲ್ಲಿ ಎಲ್ಲವೂ ಇತ್ತು. ಯಾರ ಮೆಟ್ಟಿಲನ್ನೂ ಬಿಡಲು ಅವರಿಗೆ ಮನಸ್ಸಾಗದ ಕಾರಣ ಎರಡು ಕೋಣೆಗಳ ಮಹಡಿಗೆ ಮೂರು ಮೆಟ್ಟಿಲ ಸಾಲುಗಳಿದ್ದವು. ಪದ್ಮಾವತಿಯಮ್ಮ ಮಾತ್ರ ಸುರುಳಿ ಮೆಟ್ಟಿಲನ್ನು ಬೆರಳಿನಿಂದ ಹತ್ತುತ್ತ ಹೋಗಿ ಮೇಲೆ ನಿಂತುಬಿಟ್ಟರು.

“ಜೋಯಿಸರೇ, ಇಲ್ಲಿಂದ ಮುಂದೆ ಹಾರಬೇಕಾ?”

ನಾನು ಜೋಶಿ. ಅವರ ಬಾಯಲ್ಲಿ ಕೊನೆಯವರೆಗೂ ಜೋಯಿಸನೇ. ನೋಡಿದರೆ, ಮೆಟ್ಟಿಲು ಮುಗಿಯುವಲ್ಲಿಗೂ ಕೋಣೆಯ ಬಾಗಿಲಿಗೂ ನಡುವೆ ಒಂದಡಿಗಿಂತ ಹೆಚ್ಚು ಬಯಲಿತ್ತು. ಮೀಟರೂ ಅಡಿಯೂ ಮನೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ದೂರ ಸರಿದು ಅಲ್ಲಿ ಕೈಬಿಟ್ಟಿದ್ದವು.

“ಸ್ವಲ್ಪ ಹಾರಿದರಾಯ್ತು,” ಎಂದರು ಐತಾಳರು. “ಪ್ರಾಯದವರಿಗೆ ತೊಂದರೆ ಇಲ್ಲ.”

“ಪ್ರಾಯದವರು ಯಾರುಂಟು ನಮ್ಮಲ್ಲಿ?” ಎಂದು ಪದ್ಮಾವತಿಯಮ್ಮ ಕೇಳಿದರು. ಆ ನಕ್ಷೆ ಅಲ್ಲಿಗೆ ನಿಂತಿತು.

ಅದು ನಿಂತದ್ದೇ ನಿಜವಾದ ಅನಾಹುತಕ್ಕೆ ದಾರಿಯಾಯಿತು. ಯಾವ ಮನೆ ಎಂದು ತೀರ್ಮಾನವಾಗುವವರೆಗೆ ದುಡ್ಡು ಕೊಟ್ಟ ವಿಚಾರಗಳು ಸುಮ್ಮನೆ ಹಳಸಬಾರದು ಎಂದು ಐತಾಳರು ಅವನ್ನು ಒಂದೊಂದಾಗಿ ಹೋಟೆಲಿಗೆ ಬಡಿಸತೊಡಗಿದರು.

ಮೊದಲು ಸುರುಳಿ ಮೆಟ್ಟಿಲು. ಹೋಟೆಲಿನ ಕೆಳಗಿನ ಅಂಗಡಿಯಿಂದ ಮೇಲಿನ ಫ್ಯಾಮಿಲಿ ರೂಮಿಗೆ ಅದನ್ನು ನಿಲ್ಲಿಸಿದೆವು. ಒಳ್ಳೆಯ ಕೆಲಸ, ಒಂದು ಸ್ಕ್ರೂ ಕೂಡ ಸಡಿಲವಿರಲಿಲ್ಲ. ಆದರೆ ಮಾಣಿಗಳು ಕೈತುಂಬ ತಟ್ಟೆ ಹಿಡಿದು ಸುತ್ತಿ ಸುತ್ತಿ ಮೇಲೆ ಹೋಗುವಷ್ಟರಲ್ಲಿ ಅವರಿಗೆ ದಿಕ್ಕು ತಪ್ಪುತ್ತಿತ್ತು. ಎಡಕ್ಕೆ ಹೋಗಬೇಕಾದ ಮಸಾಲೆ ದೋಸೆ ಬಲಕ್ಕೆ ಹೋಗುತ್ತಿತ್ತು. ಹತ್ತುವವನೂ ಇಳಿಯುವವನೂ ನಡುವೆ ಎದುರಾದರೆ ಒಬ್ಬ ಹಿಮ್ಮುಖವಾಗಿ ವಾಪಸು ಹೋಗಬೇಕು. ಅದಕ್ಕಾಗಿ ಅವರು ರೈಲ್ವೆಯವರಂತೆ ಕೂಗುವುದನ್ನು ಕಲಿತರು: “ಮೇಲೆ ಬರ್ತಾ ಇದ್ದೇನೆ, ಎರಡು ಸಾದಾ!” ಮೇಲಿನವನು “ನಿಲ್ಲು, ನಾಲ್ಕು ಎಂಜಲು ಇಳೀತಾ ಉಂಟು!” ಎನ್ನುವನು. ಊಟಕ್ಕೆ ಕೂತವರು ಇದನ್ನು ಕೇಳಿ ತಿನ್ನಬೇಕು.

ಆಮೇಲೆ ಅಂಗಳ. ಆ ವರ್ಷ ಐತಾಳರು ಔರಂಗಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದು ಶಾಖೆ ತೆರೆದರು. ಪುಣೆಯವರ ಅಂಗಳವನ್ನು ತುಳಸಿಕಟ್ಟೆ ಸಮೇತ ಎತ್ತಿ ಅಲ್ಲಿ ನಡುವೆ ಕೂರಿಸಿದೆವು. ಮೊದಲ ದಿನವೇ ಬಸ್ಸಿಳಿದು ಬಂದವರು ತುಳಸಿಯನ್ನು ಕಂಡು ಹೊರಗೆ ಚಪ್ಪಲಿ ಬಿಟ್ಟರು. ಹಲವರು ಒಂದು ಸುತ್ತು ಹಾಕಿ, ಕೈಮುಗಿದು, ಹೊರಗೆ ಹೋಗಿ, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದರು. ಅಲ್ಲಿನ ಮ್ಯಾನೇಜರು ಕಂಗಾಲಾಗಿ ನನ್ನನ್ನು ಕೇಳಿದ, “ಸಾಹೇಬ್, ಇವರಿಗೆ ತಿಂಡಿ ಕೊಡಲೋ ತೀರ್ಥ ಕೊಡಲೋ?” ನಿಮಗೆ ಒಂದು ಮಾತು: ನಕ್ಷೆಯಿಂದ ಏನನ್ನಾದರೂ ಎತ್ತಿ ಬೇರೆ ಕಡೆ ಇಡುವ ಮೊದಲು ಅದರ ಸುತ್ತ ಏನಿತ್ತು, ಅಲ್ಲಿ ಯಾರು ಓಡಾಡುತ್ತಿದ್ದರು ಎಂದು ನೋಡಿಕೊಳ್ಳಿ. ಈಗ ಕಂಪ್ಯೂಟರಿನಲ್ಲಿ ಎತ್ತಿಡುವುದು ಇನ್ನೂ ಸುಲಭ. ಆದ್ದರಿಂದ ಇನ್ನೂ ಹೆಚ್ಚು ನೋಡಿಕೊಳ್ಳಿ.

ಮೂರನೆಯದು ಗಾಳಿಗೂಡು. ಅದು ಚಿಮಣಿಯಂತೆ ಕಾಣುವುದರಿಂದ ಐತಾಳರು ಅದನ್ನು ಪಂಚವಟಿಯ ಭಟ್ಟಿಯ ಪಕ್ಕದಲ್ಲೇ ಎಬ್ಬಿಸಿದರು. ಹೆಂಡತಿ ಹೊಗೆ ಹೊಗೆ ಎನ್ನುತ್ತಾಳೆ, ಇನ್ನು ಎಲ್ಲ ಹೊರಗೆ ಹೋಗುತ್ತದೆ ಎಂದು ಅವರ ಎಣಿಕೆ. ಗಾಳಿಗೂಡು ತನ್ನ ಕೆಲಸವನ್ನು ಮಾಡಿತು. ಗೋದಾವರಿಯ ಮೇಲಿಂದ ಬರುವ ಗಾಳಿಯನ್ನೆಲ್ಲ ಹಿಡಿದು ಭಟ್ಟಿಯ ಮೇಲೆ ಸುರಿಯಿತು. ಮೊದಲು ಸಂದುಗಳಲ್ಲಿ ನುಸುಳುತ್ತಿದ್ದ ಹೊಗೆ ಈಗ ಸುರುಳಿ ಮೆಟ್ಟಿಲಿನ ದಾರಿ ಹಿಡಿದು, ಸುತ್ತಿ ಸುತ್ತಿ, ನೇರ ಪದ್ಮಾವತಿಯಮ್ಮನವರ ಮಲಗುವ ಕೋಣೆಗೆ ಹೋಯಿತು.

ಕಾಜಿ ಸಾಹೇಬರು ಒಮ್ಮೆ ನಾಸಿಕಕ್ಕೆ ಬಂದವರು ಅದನ್ನು ನೋಡಲು ಹೋದರು. ಎತ್ತರದ ಆಳು, ಬಿಳಿ ಶೇರವಾನಿ, ಮಾತು ಮೆಲ್ಲಗೆ. ಅವರಿಗೆ ಸಿಟ್ಟು ಬರುತ್ತದೆ ಎಂದು ನಾನು ಹೆದರಿದ್ದೆ. ಅವರು ಭಟ್ಟಿಯ ಪಕ್ಕ ನಿಂತು, ತಲೆಯೆತ್ತಿ, ಕೈ ಚಾಚಿ ಗಾಳಿಯನ್ನು ಪರೀಕ್ಷಿಸಿದರು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ವಾಹ್, ಕ್ಯಾ ಹವಾ ಹೈ!” ಎಂದರು. “ಜೋಶಿ ಸಾಬ್, ಇಪ್ಪತ್ತು ವರ್ಷದಿಂದ ಬರೀತಿದೀನಿ, ಒಬ್ಬನೂ ಕಟ್ಟಲಿಲ್ಲ. ಕಟ್ಟಿದವರು ಐತಾಳ್ ಸೇಠ್ ಒಬ್ಬರೇ. ಜಗಹ್ ಗಲತ್ ಹೈ, ಜಾಗ ತಪ್ಪು, ಲೇಕಿನ್ ಕಾಮ್ ಪಕ್ಕಾ!” ಐತಾಳರು ಅವರಿಗೆ ಎರಡು ಜಾಮೂನು ತರಿಸಿದರು.

ಕೊನೆಗೆ ಕಿಟಕಿ. ಗಲ್ಲಾದ ಹತ್ತಿರ ಕತ್ತಲೆ, ಹರಿದ ನೋಟು ಕಾಣುವುದಿಲ್ಲ ಎಂದು ಐತಾಳರು ಪುಣೆಯವರ ಕಿಟಕಿಯನ್ನು ಸಾಗವಾನಿಯಲ್ಲಿ ಮಾಡಿಸಿ ತಮ್ಮ ಕುರ್ಚಿಯ ಪಕ್ಕಕ್ಕೆ ಹಾಕಿಸಿದರು. ಹಲಗೆಯ ಮೇಲೆ ಸೋಂಪಿನ ಡಬ್ಬಿ ಇಟ್ಟರು. ಪದ್ಮಾವತಿಯಮ್ಮ ಅಂದು ಕೆಳಗಿಳಿದು ಬಂದು ಅದನ್ನು ನೋಡಿದರು. ನಾನು ಅಲ್ಲಿಯೇ ಇದ್ದೆ. ಅವರು ಹಲಗೆಯ ಮೇಲೆ ಕೈ ಸವರಿ ಮೇಲೆ ಹೋದರು.

ಮರುದಿನ ಅವರು ಸ್ಟೋವ್, ಎರಡು ಪಾತ್ರೆ, ಒಂದು ಚಾಪೆ ಟಾಂಗಾಕ್ಕೆ ಹಾಕಿಸಿಕೊಂಡು ಗಂಗಾಪುರ ರಸ್ತೆಯ ಜಾಗಕ್ಕೆ ಹೋಗಿಬಿಟ್ಟರು. ಅಲ್ಲಿ ಸಿಮೆಂಟು ಇಡಲೆಂದು ನಾವು ಹಾಕಿದ್ದ ಒಂದು ತಗಡಿನ ಶೆಡ್ ಇತ್ತು. ಸಿಮೆಂಟು ಇನ್ನೂ ಬಂದಿರಲಿಲ್ಲವಾದ್ದರಿಂದ ಖಾಲಿಯೇ ಇತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಐತಾಳರು ತಮ್ಮ ಹೋಟೆಲಿನಲ್ಲಿ ಎಂದೂ ಊಟ ಮಾಡುತ್ತಿರಲಿಲ್ಲ. ಊರಿಗೆಲ್ಲ ಬಡಿಸಿ, ತಾವು ಮಹಡಿ ಹತ್ತಿ ಹೆಂಡತಿಯ ಕೈಯ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಣ್ಣುವವರು. ಅಂದು ಮಧ್ಯಾಹ್ನ ಮೇಲೆ ಹೋದರೆ ಒಲೆಯೇ ಇಲ್ಲ. ಛತ್ರಿ ಹಿಡಿದು ನದಿ ದಾಟಿ ಜಾಗಕ್ಕೆ ಬಂದರು. ನಾನೂ ದೇಸಾಯರೂ ಸುದ್ದಿ ಕೇಳಿ ಅಲ್ಲಿಗೆ ಹೋಗಿದ್ದೆವು.

“ಇದೆಂಥದು ಇವಳೇ? ಮನೆಗೆ ನಡೆ.”

“ಮನೆ ಎಲ್ಲುಂಟು?”

“ಅಲ್ಲ… ಜನ ಎಂತ ಹೇಳ್ತಾರೆ?”

“ಐತಾಳರ ಹೆಂಡತಿ ಬಯಲಿನಲ್ಲಿದ್ದಾಳೆ, ಅವಳ ಮನೆಯ ಅಂಗಳ ಮಾತ್ರ ಔರಂಗಾಬಾದಿನ ಬಸ್‌ಸ್ಟ್ಯಾಂಡಿನಲ್ಲುಂಟು ಅಂತಾರೆ. ಗಂಜಿ ತಣಿತದೆ, ಕೂತುಕೊಳ್ಳಿ.”

ಐತಾಳರು ಇಟ್ಟಿಗೆಯ ಮೇಲೆ ಕೂತು ಉಂಡರು. ಆಮೇಲೆ ದಿನವೂ ಹಾಗೆಯೇ ಬಂದು ಉಂಡರು. ದೇಸಾಯರು ಹೇಳಿದರು, “ಈ ಬಿಸಿಲಿಗೆ ಇನ್ನೊಂದು ತಿಂಗಳು ತಡದ್ರ ತಗಡು ಕಾದು ಆ ತಾಯಿ ಬೆಂದುಹೋಗ್ತಾಳ್ರಿ ಐತಾಳ್ರ. ಮನಿ ಕಟ್ಟಾವ್ರೋ, ಇಲ್ಲಾ ನಕ್ಷಾ ಉಪ್ಪಿನಕಾಯಿ ಹಾಕಾವ್ರೋ?” ಹೀಗೆ ಆ ಗುರುವಾರದ ಸಭೆ ನಿಗದಿಯಾಯಿತು. ಪುರಸಭೆಗೆ ಕೊಡುವ ನಕ್ಷೆಗೆ ಆರ್ಕಿಟೆಕ್ಟರ ಸಹಿ ಬೇಕಾದ್ದರಿಂದ ಕಾಜಿ ಸಾಹೇಬರನ್ನು ಕರೆಸಿದೆವು, ಉಳಿದಿಬ್ಬರಿಗೆ ಬಿಡುವಿರಲಿಲ್ಲ.

ಸಭೆಯಲ್ಲಿ ಐತಾಳರು ಎಂದಿನಂತೆ ಶುರುಮಾಡಿದರು. “ಮೂರರಲ್ಲಿ ಯಾವುದು? ಎಲ್ಲದರಲ್ಲಿಯೂ ಅರ್ಧ ಬಳಸಿ ಆಯ್ತು. ಒಮ್ಮೆ ಬಳಸಿದ್ದನ್ನು ಪುನಃ ಕಟ್ಟೂದು ಅಂದರೆ, ಅದೆಂಥದೋ…”

ಪದ್ಮಾವತಿಯಮ್ಮ ನನ್ನ ಕಡೆ ತಿರುಗಿದರು. “ಜೋಯಿಸರೇ, ಮೂರೂ ಸೇರಿಸಿ ಬರೆದ ಆ ದೊಡ್ಡ ನಕ್ಷೆ ಉಂಟಲ್ಲ, ಅದನ್ನು ತೆಗೀರಿ. ಇವರು ಹೋಟೆಲಿಗೆ ಹಾಕಿದ್ದನ್ನೆಲ್ಲ ಅದರಿಂದ ಅಳಿಸಿ. ಎಂತ ಉಳೀತದೋ ಅದು ನನ್ನ ಮನೆ.”

ದೇಸಾಯರು ಕೈಯಲ್ಲಿದ್ದ ಚಹಾ ಕಪ್ಪನ್ನು ನಕ್ಷೆಯ ಮೇಲೆ ಇಡಲು ಹೋಗಿ, ನನ್ನ ಮುಖ ನೋಡಿ, ಕಚೇರಿಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

ಟ್ರೇಸಿಂಗ್ ಕಾಗದದ ಮೇಲಿನ ಶಾಯಿ ರಬ್ಬರಿಗೆ ಹೋಗುವುದಿಲ್ಲ. ದಾಡಿ ಬ್ಲೇಡನ್ನು ಅರ್ಧಕ್ಕೆ ಮುರಿದು, ಅದರ ಮೂಲೆಯಿಂದ ಹಗುರವಾಗಿ ಹೆರೆಯಬೇಕು. ಒತ್ತಿದರೆ ಕಾಗದ ಹರಿಯುತ್ತದೆ. ಕೈ ತೊಳೆದು ಬಂದು ಶುರುಮಾಡಿದೆ. ಸುರುಳಿ ಮೆಟ್ಟಿಲು ಹೋಯಿತು. ಅದರೊಡನೆ ಅದು ಮುಟ್ಟದಿದ್ದ ಮಹಡಿಯೂ ಹೋಯಿತು. ಆ ಮಹಡಿಯ ಮುಂದಿನ ಜಾಲರಿಯನ್ನೂ ಐತಾಳರು ಆಗಲೇ ಹೋಟೆಲಿನ ಫ್ಯಾಮಿಲಿ ರೂಮಿಗೆ ಬಳಸಿದ್ದರಿಂದ ಅದೂ ಅಳಿಸುವ ಲೆಕ್ಕಕ್ಕೆ ಬಂತು. ಮಹಡಿ ಇಲ್ಲದ ಮೇಲೆ ಉಳಿದೆರಡು ಮೆಟ್ಟಿಲ ಸಾಲುಗಳಿಗೆ ಕೆಲಸವಿರಲಿಲ್ಲ. ಅಂಗಳ, ತುಳಸಿಕಟ್ಟೆ, ಗಾಳಿಗೂಡು, ಎಲ್ಲ ಹೋದವು. ಪ್ರತಿಯೊಂದಕ್ಕೂ ಐತಾಳರು ಬೆನ್ನ ಹಿಂದೆ ನಿಂತು ಸಣ್ಣಗೆ “ಅಯ್ಯೋ” ಎನ್ನುತ್ತಿದ್ದರು.

ಊದಿ ಪುಡಿ ತೆಗೆದಾಗ ಉಳಿದದ್ದು ಇಷ್ಟು: ಎರಡು ಕೋಣೆ, ಒಂದು ಜಗಲಿ, ಸಾಮಾನಿನ ಕೋಣೆ, ಪೂರ್ವಕ್ಕೆ ಅಡುಗೆಮನೆ, ಪಡುವಣಕ್ಕೆ ಎರಡಡಿ ದಪ್ಪದ ಗೋಡೆ. ಆ ಗೋಡೆಯನ್ನು ಹೋಟೆಲಿಗೆ ಹಾಕಿದರೆ ಒಂದು ಟೇಬಲಿನ ಜಾಗ ಹೋಗುತ್ತದೆ ಎಂದು ಐತಾಳರು ಬಿಟ್ಟಿದ್ದರು. ನನ್ನ ಕೆಲಸದ ಜೀವಮಾನದಲ್ಲಿ ಅಷ್ಟು ಒಳ್ಳೆಯ ಮನೆ ಬೋರ್ಡಿನ ಮೇಲೆ ಕಂಡದ್ದು ಕಡಿಮೆ. ಅದನ್ನು ಯಾರೂ ಬರೆದಿರಲಿಲ್ಲ.

ಬ್ಲೇಡು ಅಡುಗೆಮನೆಯ ಕಿಟಕಿಗೆ ಬಂದು ನಿಂತಿತು.

“ಅದನ್ನೂ ಹೆರೆದುಬಿಡಿ,” ಎಂದರು ಐತಾಳರು. “ಗಲ್ಲಾಕ್ಕೆ ಹಾಕಿ ಆಗಿದೆ. ಅವಳೇ ಹೇಳಿದ ಲೆಕ್ಕ.”

“ಅದು ವಾಪಸು ಬರ್ತದೆ,” ಎಂದರು ಪದ್ಮಾವತಿಯಮ್ಮ.

“ಬಡಿಸಿದ್ದನ್ನು ವಾಪಸು ತೆಗೆಯುವ ಕ್ರಮ ಉಂಟಾ?”

“ನೀವು ಬಡಿಸಿದ್ದು ನನ್ನ ಎಲೆಯಿಂದ ಎತ್ತಿ.”

ಐತಾಳರು ದೇಸಾಯರನ್ನು ನೋಡಿದರು. ದೇಸಾಯರು ಚಹಾ ಹುಡುಕುತ್ತಿದ್ದರು. ಕಾಜಿ ಸಾಹೇಬರನ್ನು ನೋಡಿದರು. ಅವರು ಬೆರಳಿನಿಂದ ತಮ್ಮ ಗೋಡೆಯ ದಪ್ಪವನ್ನು ಅಳೆಯುತ್ತ ಕೂತಿದ್ದರು.

“ಗಲ್ಲಾದಲ್ಲಿ ಕತ್ತಲಾಗ್ತದೆ ಮಾರಾಯ್ತಿ,” ಎಂದರು ಐತಾಳರು, ದನಿ ತಗ್ಗಿಸಿ.

“ಆಗಲಿ. ಇಷ್ಟು ದಿನ ಬೆಳಕಿನಲ್ಲಿ ಕೂತಾಯ್ತಲ್ಲ.”

ಐತಾಳರು ನಕ್ಷೆಯ ಮೇಲೆ ಬಾಗಿ ಕಿಟಕಿಯನ್ನು ಇನ್ನೊಮ್ಮೆ ನೋಡಿ ನನಗೆ, “ಬ್ಲೇಡು ಕೆಳಗಿಡಿ ಜೋಯಿಸರೇ,” ಎಂದರು. ಹೆಂಡತಿಯ ಬಾಯಿಯ ಹೆಸರು ಅವರ ಬಾಯಿಗೂ ಬಂದಿತ್ತು. ನಾನು ಹೆರೆದ ಜಾಗಗಳನ್ನು ಉಗುರಿನಿಂದ ನಯಗೊಳಿಸಿ, ಕಿಟಕಿಯ ಗೆರೆಗಳ ಮೇಲೆ ಇನ್ನೊಮ್ಮೆ ಶಾಯಿ ಹಾಯಿಸಿದೆ.

ಕಾಜಿ ಸಾಹೇಬರು ಸಹಿ ಮಾಡುವ ಮೊದಲು ಕೇಳಿದರು, “ಇದರಲ್ಲಿ ನನ್ನದೇನಿದೆ?”

“ಪಡುವಣದ ಗೋಡೆ,” ಎಂದೆ.

“ದೀವಾರ್ ಮೇರಿ ಹೈ ತೋ ದಸ್ತಖತ್ ಭೀ ಮೇರಾ, ಗೋಡೆ ನನ್ನದಾದರೆ ಸಹಿಯೂ ನನ್ನದೇ,” ಎಂದು ಅಗಲವಾಗಿ ಸಹಿ ಹಾಕಿದರು.

ಪ್ರಿಂಟು ತೆಗೆಯುವುದು ಉಳಿದಿತ್ತು. ನಾನು ಸೇರಿದಾಗ ಗಾಜಿನ ಚೌಕಟ್ಟನ್ನು ತಾರಸಿಯ ಮೇಲೆ ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದು ನೀಲಿ ಪ್ರಿಂಟು ತೆಗೆಯುತ್ತಿದ್ದೆವು. ಈ ಸಭೆಯ ಹೊತ್ತಿಗೆ ಅಮೋನಿಯಾದ ಹಬೆಯಿಂದ ಪ್ರಿಂಟು ತೆಗೆಯುವ ಪೆಟ್ಟಿಗೆ ಬಂದಿತ್ತು. ಮುಚ್ಚಳ ತೆಗೆದೊಡನೆ ಕೋಣೆಯಲ್ಲಿದ್ದವರ ಕಣ್ಣು ಮೂಗು ಉರಿಯುವುದು ಅದರ ಗುಣ. ನಕ್ಷೆಯ ಮೇಲೆ ಬಾಗಿ ನಿಂತಿದ್ದ ಐತಾಳರಿಗೆ ಪೂರ್ತಿ ತಾಗಿತು. ಪಂಚೆಯ ಚುಂಗಿನಿಂದ ಕಣ್ಣೊರೆಸುತ್ತ, ಕೆಮ್ಮುತ್ತ, “ಇದೆಂಥ ಉರಿ! ಮನುಷ್ಯರು ಇರುವ ಜಾಗವಾ ಇದು?” ಎಂದರು.

ಪದ್ಮಾವತಿಯಮ್ಮ ಅವರಿಗೆ ನೀರಿನ ಲೋಟ ಕೊಟ್ಟರು. “ನನಗೆ ಅಭ್ಯಾಸ ಉಂಟು,” ಎಂದರು.

ಐತಾಳರು ನೀರು ಕುಡಿಯಲಿಲ್ಲ. ಲೋಟ ಹಿಡಿದೇ ದೇಸಾಯರಿಗೆ, “ಬಡಗಿಯನ್ನು ಇವತ್ತೇ ಕಳಿಸಿ,” ಎಂದರು.

ಅಂದಿನ ಕೊನೆಯ ಕೆಲಸ ಕಿಟಕಿಯದು. ಮನೆಗೆ ಪಾಯವೇ ತೆಗೆದಿಲ್ಲ, ಕಿಟಕಿ ಯಾಕೆ ಈಗ ಎಂದು ನಾನು ಕೇಳಿದೆ. ನಾಳೆ ಬೆಳಿಗ್ಗೆ ತಮ್ಮ ಮನಸ್ಸು ಬದಲಾದೀತು, ತಮ್ಮ ಗುಣ ತಮಗೆ ಗೊತ್ತು ಎಂದರು ಐತಾಳರು. ಸಂಜೆ ಬಡಗಿಯ ಜೊತೆ ಪಂಚವಟಿಗೆ ಹೋದೆ. ಅಳತೆ ತೆಗೆದುಕೊಂಡೆ. ಸೋಂಪಿನ ಡಬ್ಬಿ ಕೆಳಗಿಳಿಯಿತು. ಬಡಗಿ ಚೌಕಟ್ಟು ಬಿಚ್ಚುವಷ್ಟು ಹೊತ್ತೂ ಐತಾಳರು ಗಲ್ಲಾದ ಮೇಲೆಯೇ ಕೂತು, ಚಿಲ್ಲರೆ ಕೊಡುತ್ತ, ಉಳಿದ ಬೆಳಕನ್ನು ಪೂರ್ತಿ ಬಳಸಿಕೊಂಡರು.

ಟಾಂಗಾದಲ್ಲಿ ಕಿಟಕಿಯನ್ನು ಮಲಗಿಸಲು ಜಾಗವಿರಲಿಲ್ಲ. ನಿಲ್ಲಿಸಿ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಐತಾಳರೇ ಹಿಂದಿನ ಸೀಟಿನಲ್ಲಿ ಕೂತು, ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದರು. ಸಂಜೆಯ ಆರತಿಗೆ ಹೊರಟವರು, ಬೀದಿಯ ಹೂವಿನವರು, ಪುರೋಹಿತರು ಎಲ್ಲರೂ ನಿಂತು ನೋಡಿದರು. ಗುರುತಿನವರು ಕೈಮುಗಿದರು. ಕೈ ಬಿಡುವಂತಿರಲಿಲ್ಲವಾದ್ದರಿಂದ ಐತಾಳರು ಕಿಟಕಿಯ ಒಳಗಿನಿಂದ ತಲೆಯಾಡಿಸುತ್ತ, ಎಲ್ಲರಿಗೂ ನಮಸ್ಕಾರ ಹೇಳುತ್ತ ನದಿ ದಾಟಿದರು.

ಪದ್ಮಾವತಿಯಮ್ಮ ಶೆಡ್ಡಿನ ಮುಂದೆ ನಿಂತಿದ್ದರು. ಅಡುಗೆಮನೆಯ ಪೂರ್ವದ ಗೋಡೆ ಎಲ್ಲಿ ಬರುತ್ತದೆ ಎಂದು ಕೇಳಿದರು. ನಾನು ಪ್ರಿಂಟು ಬಿಡಿಸಿ, ಟೇಪು ಹಿಡಿದು, ಎರಡು ಗೂಟ ಹೊಡೆದು ತೋರಿಸಿದೆ. ಆ ಗೂಟಗಳಿಗೆ ಕಟ್ಟಿ, ಹಲಗೆಯ ಕೆಳಗೆ ಇಟ್ಟಿಗೆ ಜೋಡಿಸಿ ಕಿಟಕಿಯನ್ನು ನಿಲ್ಲಿಸಿದೆವು. ಅವರು ಬಾಗಿಲುಗಳನ್ನು ತೆಗೆದು, ಹಲಗೆಯ ಮೇಲೆ ಕೂತು, ದಾರಿಯ ಕಡೆ ನೋಡಿದರು. ಐತಾಳರು ಗೋಡೆ ಇಲ್ಲದ ಕಡೆಯಿಂದ ಸುತ್ತಿ ಬರದೆ ಕಿಟಕಿಯ ಹೊರಗೆ ನಿಂತು, “ಗಂಜಿ ಉಂಟಾ?” ಎಂದು ಕೇಳಿದರು.

ನಾನು ಟೇಪು ಸುತ್ತಿ ಜೇಬಿಗಿಟ್ಟು, ಅದೇ ಟಾಂಗಾದಲ್ಲಿ ವಾಪಸು ಹೊರಟೆ.